ಟೀಚರ ಮನೆಯ ಇಲಿ

ಮೊನ್ನೆ ಪುತ್ತೂರಿನ ನನ್ನ ಅಂಗಡಿಗೆ ಒಬ್ಬರು ಹೆಂಗಸು ಮಿಕ್ಸಿ ತಂದರು. ಮಿಕ್ಸಿಗೆ ಏನೂ ಆಗಿರಲಿಲ್ಲ, ವಯರು ಮಾತ್ರ ನಡುವೆ ತುಂಡಾಗಿತ್ತು. "ಇಲಿ, ಅಣ್ಣಾ" ಅಂದರು. ನಾನು ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಇಲಿ ವಯರನ್ನು ಜಗಿದು ಜಗಿದು ಬಿಡುತ್ತದೆ, ಮೇಲಿನ ಪ್ಲಾಸ್ಟಿಕ್ ಚೂರುಚೂರಾಗಿ ಒಳಗಿನ ತಾಮ್ರ ಕೆದರಿದ ಕೂದಲಿನ ಹಾಗೆ ನಿಂತಿರುತ್ತದೆ. ಇದು ಹಾಗಿರಲಿಲ್ಲ. ಓರೆಯಾಗಿ, ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣ್ಣಗೆ ತುಂಡಾಗಿತ್ತು. "ಅಕ್ಕಾ, ನಿಮ್ಮಲ್ಲಿ ಮೊಲ ಉಂಟಾ?" ಎಂದು ಕೇಳಿದೆ. ಅವರ ಮುಖ ಕೆಂಪಾಯಿತು. "ಉಂಟು... ಮನೆಯೊಳಗೇ ಬಿಟ್ಟಿದ್ದೇವೆ. ಫ್ಲ್ಯಾಟಿನಲ್ಲಿ ಪ್ರಾಣಿ ಸಾಕ್ಬಾರದು ಅಂತ ರೂಲ್ಸ್, ಯಾರಿಗೂ ಹೇಳ್ಬೇಡಿ" ಅಂದರು.

ನಾನು ಹೇಳುವವನಲ್ಲ. ಮೊಲ ಕತ್ತರಿಸಿದ್ದನ್ನು ಇಲಿ ಕತ್ತರಿಸಿದ್ದೆಂದು ಎಂಟು ತಿಂಗಳು ಒಂದು ಊರನ್ನೇ ನಂಬಿಸಿದವನು ನಾನು. ಆ ಓರೆ ತುಂಡನ್ನು ಕೈಯಲ್ಲಿ ಹಿಡಿದಿದ್ದ ಹಾಗೆಯೇ ಟೀಚರು ನೆನಪಾದರು.

ಆಗ ನಾನು ಸುಳ್ಯದ ಹತ್ತಿರ ಅಜ್ಜಾವರದಲ್ಲಿದ್ದೆ. ವಯರಿಂಗ್ ಕೆಲಸ ಕಲಿತು ಹೊಸದಾಗಿ ಸ್ವಂತಕ್ಕೆ ಶುರುಮಾಡಿದ ಕಾಲ. ಪಕ್ಕದ ಮನೆ ಟೀಚರದ್ದು. ಮೂವತ್ತು ವರ್ಷ ಅಂಗನವಾಡಿ ನಡೆಸಿದವರು, ಊರಿನ ಅರ್ಧ ಜನರ ಮೂಗು ಒರೆಸಿದವರು, ನನ್ನದನ್ನೂ ಸೇರಿಸಿ. ಮದುವೆಯಾಗಿರಲಿಲ್ಲ. "ಮೂವತ್ತು ಮಕ್ಕಳನ್ನು ಮಧ್ಯಾಹ್ನ ಮಲಗಿಸಿದವಳಿಗೆ ಮನೆಯಲ್ಲಿ ಇನ್ನೊಂದು ಎಂತಕ್ಕೆ?" ಎನ್ನುತ್ತಿದ್ದರು. ತಮ್ಮವರ ಹತ್ತಿರ ಅರೆಭಾಷೆ, ನನ್ನ ಹತ್ತಿರ ಕನ್ನಡ, ಸಿಟ್ಟು ಬಂದರೆ ಎಲ್ಲರಿಗೂ ತುಳು.

ಅವರಿಗೆ ಜೀವವೆಂದರೆ ಮನೆಯ ನೆಲ. ಕೆಂಪು ಕಾವಿ ಹಾಕಿದ ನೆಲ, ಪ್ರತಿ ಶನಿವಾರ ತೆಂಗಿನೆಣ್ಣೆ ಸವರಿ ಹಳೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಮಾಡಿದ್ದರು. ಮೆಟ್ಟಿಲ ಬಳಿ ಯಾವಾಗಲೂ ಒಂದು ಚೆಂಬು ನೀರು. ಕಾಲು ತೊಳೆಯದೆ ಒಳಗೆ ಬಂದವರು ಇಲ್ಲ. ಪಂಚಾಯತ್ ಮೆಂಬರು ಒಮ್ಮೆ ಓಟು ಕೇಳಲು ಬಂದು, ಅವಸರದಲ್ಲಿ ಹಾಗೇ ಒಳಗೆ ಕಾಲಿಟ್ಟು, ಮತ ಕಳೆದುಕೊಂಡು ಹೋಗಿದ್ದರು.

ಅಂಥ ಮನೆಗೆ ಮೊಲ ಬಂತು.

ಎದುರಿನ ಬಾಡಿಗೆ ಮನೆಯಲ್ಲಿ ಬ್ಯಾಂಕಿನ ಆಫೀಸರೊಬ್ಬರು ಇದ್ದರು. ಗಂಡ, ಹೆಂಡತಿ, ಒಬ್ಬಳು ಮಗಳು, ಮಗಳಿಗೊಂದು ಬಿಳಿ ಮೊಲ. ಘಟ್ಟದ ಮೇಲಿನವರಾದರೂ ನಾಲ್ಕು ವರ್ಷ ಇಲ್ಲಿದ್ದು ಕುಚ್ಚಲಕ್ಕಿ ಗಂಜಿಗೆ ಒಗ್ಗಿದ್ದರು. ಅವರಿಗೆ ಕಡಬಕ್ಕೆ ವರ್ಗವಾಯಿತು. ಅಲ್ಲಿ ಸರಿಯಾದ ಮನೆ ಸಿಗುವವರೆಗೆ, ಹದಿನೈದು ದಿನ ಮಾತ್ರ ಎಂದು, ಮೊಲವನ್ನು ಗೂಡಿನ ಸಮೇತ ಟೀಚರ ಜಗಲಿಯಲ್ಲಿ ಇಟ್ಟು ಹೋದರು. ಟೀಚರು ಬೇಡ ಎನ್ನಬೇಕಿತ್ತು. ಆದರೆ ಆ ಮಗಳು ಅವರ ಅಂಗನವಾಡಿಯ ಕೊನೆಯ ವರ್ಷದ ಶಿಷ್ಯೆ.

ಜಗಲಿಯಲ್ಲಿಟ್ಟರೆ ಬೀದಿಯ ಬೆಕ್ಕು ಬಂದು ಗೂಡಿನೆದುರು ಕೂತು ಊಟಕ್ಕೆ ಕಾಯುವವರ ಹಾಗೆ ನೋಡುತ್ತಿತ್ತು. ಹಾಗಾಗಿ ಗೂಡನ್ನು ಒಳಗೆ ತಂದರು. ಮೂರನೇ ದಿನ ಗೂಡನ್ನು ಸರಿಸಿ ನೋಡಿದರೆ ನೆಲದ ಮೇಲೆ ಚೌಕಾಕಾರದ ತುಕ್ಕಿನ ಕಲೆ! ಟೀಚರು ಯೋಚಿಸಿದರು. ಮೊಲ ಕಲೆ ಮಾಡಿಲ್ಲ, ಗೂಡು ಮಾಡಿದ್ದು. ಹಾಗಾದರೆ ತಪ್ಪು ಯಾರದ್ದು? ಗೂಡಿನದ್ದು. ಶಿಕ್ಷೆ ಯಾರಿಗೆ? ಗೂಡಿಗೆ. ಗೂಡನ್ನು ಎತ್ತಿ ಹೊರಗೆ ಹಾಕಿದರು, ಮೊಲ ಒಳಗೆ ಉಳಿಯಿತು. ಇಷ್ಟು ನೇರವಾದ ನ್ಯಾಯವನ್ನು ನಾನು ಮತ್ತೆ ಎಲ್ಲಿಯೂ ಕಂಡಿಲ್ಲ.

ಅಂದಿನಿಂದ ಆ ಮನೆಯಲ್ಲಿ ಹೊಸ ಕಾನೂನು ಬಂತು. ಕಾಲು ತೊಳೆದರೆ ಸಾಲದು, ಒಳಗೆ ಬಂದ ಮೇಲೆ ಕಾಲೆತ್ತಿ ಇಡಬಾರದು. ಮೊಲ ಯಾವ ಗಳಿಗೆಯಲ್ಲಿ ಎಲ್ಲಿಂದ ಬಂದು ಕಾಲಡಿಗೆ ನುಗ್ಗುತ್ತದೋ ಹೇಳಲಾಗುತ್ತಿರಲಿಲ್ಲ. "ಉಜ್ಜಿಕೊಂಡು ಬಾ ಮಾರಾಯ, ನೆಲ ಉಜ್ಜಿಕೊಂಡು ಬಾ!" ಎಂದು ಟೀಚರು ಒಳಗಿಂದಲೇ ಕೂಗುತ್ತಿದ್ದರು. ಹಾಲಿನವರು, ಪೋಸ್ಟಿನವರು, ಸ್ವಸಹಾಯ ಸಂಘದ ಹೆಂಗಸರು, ಎಲ್ಲರೂ ಆ ಮನೆಯೊಳಗೆ ಪಾದ ಜಾರಿಸಿಕೊಂಡೇ ನಡೆದರು. ಗ್ಯಾಸಿನವನು ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಅಡುಗೆ ಮನೆಯವರೆಗೆ ಜಾರಿಸಿಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ. ಎಲ್ಲರೂ ಉಜ್ಜಿ ಉಜ್ಜಿ ನೆಲದ ಹೊಳಪು ಇಮ್ಮಡಿಯಾಯಿತು. ಟೀಚರಿಗೆ ಶನಿವಾರದ ಕೆಲಸವೂ ತಪ್ಪಿತು.

ಮೊಲ ಮಾತ್ರ ನೆಲಕ್ಕೆ ತನ್ನ ಕಾಣಿಕೆ ಹಾಕುತ್ತಲೇ ಇತ್ತು. ಅದರ ಹಿಕ್ಕೆ ಕರಿಮೆಣಸಿನ ಕಾಳಿನ ಹಾಗಿರುತ್ತದೆ. ಟೀಚರು ಒಣಗಿದ ಕಾಳುಮೆಣಸನ್ನು ಹಜಾರದಲ್ಲೇ ಚಾಪೆಯ ಮೇಲೆ ಹರವುತ್ತಿದ್ದರು. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಆ ಎಂಟು ತಿಂಗಳು ಅವರ ಮನೆಯ ಮೆಣಸಿನ ಸಾರಿಗೆ ನಾನು ದೂರದಿಂದಲೇ ಕೈ ಮುಗಿದೆ.

ಹದಿನೈದು ದಿನ ಕಳೆದು ತಿಂಗಳಾಗಿತ್ತು. ಒಂದು ದಿನ ಟಿ.ವಿ. ಹಾಳಾಗಿದೆ ಎಂದು ಕರೆದರು. ಹೋಗಿ ನೋಡಿದರೆ ವಯರು ತುಂಡು. ನಮ್ಮಲ್ಲಿ ಸಿಡಿಲಿನ ಹೆದರಿಕೆಗೆ ಪ್ಲಗ್ ಕಿತ್ತಿಡುವ ಅಭ್ಯಾಸ, ಆದ್ದರಿಂದ ಮೊಲ ಬದುಕಿತು. ಮೇಜಿನಡಿಯಲ್ಲಿ ಕೂತು ನನ್ನನ್ನೇ ನೋಡುತ್ತಾ ಏನನ್ನೋ ಜಗಿಯುತ್ತಿತ್ತು.

"ಇಲಿ" ಅಂದರು ಟೀಚರು.

"ಟೀಚರ್, ಇದು ಇಲಿ ಅಲ್ಲ..."

"ಇಲಿ. ಯಾರಾದ್ರೂ ಕೇಳಿದ್ರೆ ಇಲಿ ಅಂತ ಹೇಳು. ಗೊತ್ತಾಯ್ತಾ?"

ಒಂದನೇ ಮಗ್ಗಿಯನ್ನು ಹೇಳಿಕೊಟ್ಟವರು ಇಲಿ ಅಂದರೆ ಇಲಿಯೇ. ಜನರಿಗೆ ನಿಜ ತಿಳಿದರೆ "ಅಷ್ಟು ಹಾಳು ಮಾಡುವುದನ್ನು ಯಾಕೆ ಇಟ್ಟುಕೊಂಡಿದ್ದೀರಿ, ಕಡಬಕ್ಕೆ ಕಳಿಸಿ" ಎಂದಾರು, ಅದು ಅವರ ಭಯ. ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು, ಫೋನು, ಎಲ್ಲವನ್ನೂ ಇಲಿಯೇ ತಿಂದಿತು. ಕೊನೆಗೆ ನಾನು ಆ ಮನೆಯ ವಯರುಗಳನ್ನೆಲ್ಲ ಪೈಪಿನೊಳಗೆ ತೂರಿಸಿ, ಪ್ಲಗ್ ಪಾಯಿಂಟುಗಳನ್ನೆಲ್ಲ ಎದೆಯೆತ್ತರಕ್ಕೆ ಏರಿಸಿದೆ. ಇಲಿಯ ಸುದ್ದಿ ಕೇಳಿ ಊರಿನವರು ಮರುಗಿ ತಮ್ಮ ತಮ್ಮ ಮನೆಯ ಬೋನುಗಳನ್ನು ತಂದುಕೊಟ್ಟರು. ಟೀಚರು ಒಂದನ್ನೂ ಬೇಡ ಎನ್ನದೆ ಅಟ್ಟದಲ್ಲಿ ಸಾಲಾಗಿ ಇಟ್ಟರು. ಬೋನುಗಳೆಲ್ಲ ಹೋದ ಮೇಲೆ ಅವರವರ ಮನೆಯಲ್ಲಿ ನಿಜವಾದ ಇಲಿಗಳು ಕುಣಿದವು.

ಮೊಲಕ್ಕೆ ಆ ಹುಡುಗಿ ಇಟ್ಟ ಏನೋ ಇಂಗ್ಲಿಷ್ ಹೆಸರಿತ್ತು. ಟೀಚರು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಇನ್ನೊಬ್ಬರದ್ದು, ನಾಳೆ ಹೋಗುವಂಥದ್ದು" ಎನ್ನುತ್ತಿದ್ದರು. ಆದರೆ ಒಂದು ಮಧ್ಯಾಹ್ನ ಕಿಟಕಿಯಿಂದ ಕೇಳಿದೆ. "ಬಾ ಮಗ, ಮಲಗುವ ಹೊತ್ತಾಯ್ತು." ಇಣುಕಿದರೆ ಚಾಪೆಯ ಮೇಲೆ ಟೀಚರು, ಅವರ ಪಾದಕ್ಕೆ ಒರಗಿ ಮೊಲ. ಮೂವತ್ತು ಮಕ್ಕಳನ್ನು ಮಲಗಿಸುತ್ತಿದ್ದ ಹಾಡನ್ನೇ ಹೇಳುತ್ತಿದ್ದರು... ಧಾಟಿ ಈಗಲೂ ಕಿವಿಯಲ್ಲಿದೆ, ಮಾತುಗಳು ಮರೆತಿವೆ.

ಎಂಟು ತಿಂಗಳ ಮೇಲೆ ಕಡಬದಿಂದ ಫೋನು ಬಂತು. ಒಳ್ಳೆಯ ಮನೆ ಸಿಕ್ಕಿದೆ, ಭಾನುವಾರ ಬಂದು ಮೊಲವನ್ನು ಕರೆದುಕೊಂಡು ಹೋಗುತ್ತೇವೆ ಎಂದು. ಟೀಚರು ನನ್ನನ್ನು ಕರೆಸಿದರು. ಮುಖ ಸಣ್ಣದಾಗಿತ್ತು.

"ಸೀದಾ ಕೇಳಿ ಟೀಚರ್, ಇಲ್ಲಿಯೇ ಇರ್ಲಿ ಅಂತ" ಅಂದೆ.

"ಥೂ! ಇನ್ನೊಬ್ಬರ ಮಗುವಿನ ಸೊತ್ತು ನಂಗೆ ಬೇಕು ಅಂತ ಬಾಯಿಬಿಟ್ಟು ಕೇಳುದಾ? ಅವರಾಗಿಯೇ ಬಿಟ್ಟು ಹೋಗ್ಬೇಕು. ನಾನು ಬೇಡ ಬೇಡ ಅನ್ಬೇಕು. ಮತ್ತೆ ಇಟ್ಟುಕೊಳ್ಬೇಕು. ಅದು ಕ್ರಮ."

ನಮ್ಮ ಕಡೆಯ ಈ ಕ್ರಮವನ್ನು ಗೊತ್ತಿಲ್ಲದವರಿಗೆ ಹೇಳಬೇಕು. ಊಟದ ಹೊತ್ತಿಗೆ ಯಾರ ಮನೆಗಾದರೂ ಹೋದರೆ ಅವರು "ಊಟ ಮಾಡುವಾ" ಅನ್ನುತ್ತಾರೆ. ಹೊಟ್ಟೆ ಚುರುಗುಟ್ಟುತ್ತಿದ್ದರೂ ನಾವು "ಈಗಷ್ಟೇ ಮಾಡಿ ಬಂದದ್ದು" ಅನ್ನಬೇಕು. ಎರಡನೆಯ ಸಲ ಕೇಳುತ್ತಾರೆ, "ಖಂಡಿತ ಬೇಡ" ಅನ್ನಬೇಕು. ಮೂರನೆಯ ಸಲ ಕೇಳಿದಾಗ "ನೀವು ಅಷ್ಟು ಹೇಳುವಾಗ..." ಎಂದು ಎಲೆಯ ಮುಂದೆ ಕೂರಬೇಕು. ಒಂದನೇ ಸಲಕ್ಕೇ ಕೂತವನ ಸುದ್ದಿ ಊರಿನಲ್ಲಿ ವರ್ಷಗಟ್ಟಲೆ ಓಡಾಡುತ್ತದೆ.

ಟೀಚರ ಉಪಾಯ ಹೀಗಿತ್ತು. ಮೊಲ ಎಷ್ಟು ಪೋಕರಿ ಎಂದು ತೋರಿಸಿಬಿಟ್ಟರೆ, ಅವರಿಗೇ ಭಯವಾಗಿ "ನಮ್ಮ ಹೊಸ ಮನೆಗೆ ಇದು ಬೇಡ" ಎಂದು ಬಿಟ್ಟು ಹೋಗುತ್ತಾರೆ. ನನ್ನ ಚೀಲದಲ್ಲಿದ್ದ ತುಂಡು ವಯರುಗಳನ್ನೆಲ್ಲ ತರಿಸಿದರು. ಅದು ಸಾಲದೆಂದು ಕಂಡಿತು. ನೆರೆಕರೆಯಿಂದ ಹಾಳಾದ ಸಾಮಾನುಗಳನ್ನು ಎರವಲು ತಂದರು. ನಮ್ಮ ಮನೆಯ ಇಲಿ ಕಡಿದ ಚಾಪೆ, ಕೆಳಮನೆಯ ಗೋಣಿಚೀಲ, ನಾಯಿ ಕಚ್ಚಿದ ನನ್ನ ಅಪ್ಪನ ಚಪ್ಪಲಿ, ಬಟ್ಟೆ ಹರಿದ ಒಂದು ಕೊಡೆ.

"ಕೊಡೆಯನ್ನೂ ಮೊಲ ತಿಂದದ್ದಾ ಟೀಚರ್?"

"ತಿನ್ನುದಿಲ್ಲ ಅಂತ ನೀನು ಗ್ಯಾರಂಟಿ ಕೊಡ್ತೀಯಾ?"

ಎಂಟು ತಿಂಗಳು ಮೊಲದ ತಪ್ಪನ್ನು ಇಲಿಯ ತಲೆಗೆ ಕಟ್ಟಿದೆವು. ಆ ಭಾನುವಾರ ಇಡೀ ಊರಿನ ಇಲಿಗಳ ತಪ್ಪನ್ನು ಮೊಲದ ತಲೆಗೆ ಕಟ್ಟಿದೆವು.

ಅವರು ಬೆಳಗ್ಗೆಯೇ ಬಂದರು. ಕಾಲು ತೊಳೆದು, ಹೇಳಿದ ಹಾಗೆ ಪಾದ ಉಜ್ಜಿಕೊಂಡು ಒಳಗೆ ಬಂದು ಬೆಲ್ಲ ನೀರು ಕುಡಿದರು. ಟೀಚರು ಪ್ರದರ್ಶನ ಶುರುಮಾಡಿದರು. ಒಂದೊಂದು ವಸ್ತುವನ್ನೂ ಎತ್ತಿ ಹಿಡಿದು ಪಾಠ ಮಾಡುವ ದನಿಯಲ್ಲಿ ವಿವರಿಸಿದರು. ಹುಡುಗಿ ಚಪ್ಪಲಿಯನ್ನು ತಿರುಗಿಸಿ ನೋಡಿ, "ಇದು ನಾಯಿ ಕಚ್ಚಿದ್ದಲ್ವಾ?" ಎಂದಳು. "ಮೊಲವೇ. ಅಜ್ಜಾವರದ ಗಾಳಿಗೆ ಹಲ್ಲು ಹಾಗೆ ಬೆಳೆದದ್ದು" ಎಂದರು ಟೀಚರು. ನಾನು ಗೋಡೆಯ ಕಡೆ ತಿರುಗಿ ಟೆಸ್ಟರಿನಲ್ಲಿ ಒಂದು ಸ್ಕ್ರೂ ಬಿಗಿಮಾಡಿದೆ. ಅದು ಮೊದಲೇ ಬಿಗಿಯಾಗಿತ್ತು. ಇಷ್ಟೆಲ್ಲ ಆಗುವಾಗ ಮೊಲ ಮಾತ್ರ ಬಲು ಸಾಧುವಾಗಿ ಟೀಚರ ಪಾದದ ಮೇಲೆ ಗದ್ದವಿಟ್ಟು ಕೂತಿತ್ತು.

ಟೀಚರು ಒಂದನ್ನು ಲೆಕ್ಕ ಹಾಕಿರಲಿಲ್ಲ. ಬ್ಯಾಂಕಿನವರು ನಾಲ್ಕು ವರ್ಷದಲ್ಲಿ ನಮ್ಮ ದಾಕ್ಷಿಣ್ಯವನ್ನೂ ಕಲಿತಿದ್ದರು. ಒಂದೊಂದು ವಸ್ತು ನೋಡಿದಾಗಲೂ ಅವರು ನಾಚಿಕೆಯಿಂದ ಕುಗ್ಗಿಹೋದರು. ಅವರ ಹೆಂಡತಿಯ ಕಣ್ಣಲ್ಲಿ ನೀರು ಬಂತು. "ಇಷ್ಟು ತೊಂದರೆ ಕೊಟ್ಟಿದೆಯಾ ಟೀಚರ್? ಒಂದು ಫೋನ್ ಮಾಡಬಾರದಿತ್ತಾ? ಇನ್ನು ಒಂದು ಗಳಿಗೆಯೂ ಇದನ್ನು ನಿಮ್ಮ ಮೇಲೆ ಹೇರುವುದಿಲ್ಲ" ಎಂದು ಎದ್ದೇಬಿಟ್ಟರು. ಟೀಚರು ಕೋಳಿ ಸಾರು ಮಾಡಿಟ್ಟಿದ್ದರು, ಅದಕ್ಕೂ ನಿಲ್ಲಲಿಲ್ಲ.

ಮೊಲವನ್ನು ಎತ್ತಿಕೊಳ್ಳಲು ಬಗ್ಗಿದಾಗ ಆಫೀಸರ ಹೆಂಡತಿಗೆ ಅದು ಕೂತಿದ್ದ ರೀತಿ ಕಂಡಿತು. "ಇದಕ್ಕೆ ನಿಮ್ಮದೇ ಅಭ್ಯಾಸ ಆದ ಹಾಗೆ ಕಾಣ್ತದೆ. ನಿಮಗೆ ಮನಸ್ಸಿದ್ದರೆ ಇಲ್ಲೇ ಬಿಡೋಣವಾ ಟೀಚರ್? ಮಗಳಿಗೆ ಹೇಳ್ತೀನಿ" ಎಂದರು.

ನನ್ನ ಎದೆ ಹಗುರಾಯಿತು. ಒಂದನೇ ಸಲ!

"ಛೆ ಛೆ, ನಂಗೆ ಎಂತಕ್ಕೆ?" ಎಂದರು ಟೀಚರು.

"ನಿಜವಾಗಿ ಹೇಳಿ" ಎಂದರು ಆಫೀಸರು. ಎರಡನೇ ಸಲ.

"ಇಲ್ಲ ಮಾರಾಯ್ರೆ, ಖಂಡಿತ ಬೇಡ" ಎಂದು ಟೀಚರು ಸೆರಗು ಸರಿಮಾಡಿಕೊಂಡು, ಇನ್ನು ಒಪ್ಪುವುದಕ್ಕೆ ತಯಾರಾಗಿ ನಿಂತರು.

"ಸರಿ ಹಾಗಾದರೆ" ಎಂದರು ಆಫೀಸರು. ಘಟ್ಟದ ಮೇಲಿನವರು ನಮ್ಮ ದಾಕ್ಷಿಣ್ಯವನ್ನು ಎರಡರವರೆಗೆ ಮಾತ್ರ ಕಲಿತಿದ್ದರು.

ಟೀಚರು ನನ್ನ ಮುಖ ನೋಡಿದರು. ಆ ಮೂರನೆಯದನ್ನು ಯಾರಾದರೂ ಹೇಳಿದ್ದರೆ ಸಾಕಿತ್ತು. "ಇರ್ಲಿ ಬಿಡಿ ಟೀಚರ್, ಇಟ್ಟುಕೊಳ್ಳಿ" ಎಂಬ ಒಂದು ಮಾತು. ಎರಡು ಮನೆಯವರ ಮಾತಿನ ನಡುವೆ ನಾನು ಹೇಗೆ ಬಾಯಿ ಹಾಕುವುದು ಎಂದು ನನಗೂ ದಾಕ್ಷಿಣ್ಯ. ಮತ್ತೆ ಆ ಸ್ಕ್ರೂವಿನ ಕಡೆಗೆ ತಿರುಗಿದೆ. ಹಿಂದೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿತು... ಈಗಲೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಒಂದು ವಾರದ ಮೇಲೆ ಅವರ ಮನೆಗೆ ಹೋಗಿ, "ಪ್ಲಗ್ ಪಾಯಿಂಟ್ ಎಲ್ಲ ಕೆಳಗೆ ತರ್ಲಾ ಟೀಚರ್?" ಎಂದು ಕೇಳಿದೆ. "ಬೇಡ, ಅಲ್ಲಿಯೇ ಇರ್ಲಿ" ಎಂದರು. ಅವರು ಕಾಲೆತ್ತಿ ಇಡದೆ ಉಜ್ಜಿಕೊಂಡೇ ನಡೆಯುತ್ತಿದ್ದರು. ಬಂದವರಿಗೂ "ಉಜ್ಜಿಕೊಂಡು ಬನ್ನಿ" ಎಂದೇ ಹೇಳುತ್ತಿದ್ದರು. ಮೊಲ ಹೋಯಿತಲ್ಲ ಟೀಚರ್ ಎಂದು ಹೇಳುವ ಧೈರ್ಯ ಊರಿನಲ್ಲಿ ಒಬ್ಬರಿಗೂ ಆಗಲಿಲ್ಲ. ಅದಕ್ಕೂ ದಾಕ್ಷಿಣ್ಯ. ಹೀಗೆ ಹತ್ತು ವರ್ಷ ಅಜ್ಜಾವರದ ಜನ ಇಲ್ಲದ ಮೊಲವನ್ನು ತುಳಿಯದೆ ಓಡಾಡಿದರು.

ಟೀಚರು ತೀರಿಕೊಂಡು ಎರಡು ವರ್ಷವಾಯಿತು. ಅವತ್ತು ಅವರನ್ನು ಆ ಕೆಂಪು ನೆಲದ ಮೇಲೆಯೇ ಮಲಗಿಸಿದ್ದರು. ಜನ ಬರುತ್ತಲೇ ಇದ್ದರು. ಮೆಟ್ಟಿಲ ಬಳಿ ಕಾಲು ತೊಳೆದು, ಒಬ್ಬೊಬ್ಬರೂ ಪಾದ ಉಜ್ಜಿಕೊಂಡು, ಕಾಲೆತ್ತದೆ, ಹತ್ತಿರ ಹೋಗಿ ಕೈಮುಗಿದು, ಹಾಗೆಯೇ ಹಿಂದೆ ಸರಿದರು. ಗ್ಯಾಸಿನವನು ಕೂಡ. ದೂರದಿಂದ ಬಂದ ಸಂಬಂಧಿಕರೊಬ್ಬರು ನನ್ನ ಕಿವಿಯಲ್ಲಿ, "ಎಂತ ಮಾರಾಯ್ರೆ, ಈ ಊರಿನವರಿಗೆಲ್ಲ ಮೊಣಕಾಲು ನೋವಾ?" ಎಂದು ಕೇಳಿದರು. ನನಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂದು, ಹೊರಗೆ ಹೋಗಿ ನಿಂತೆ.

ಮಿಕ್ಸಿಗೆ ಹೊಸ ವಯರು ಹಾಕಿದೆ. ಆ ಹೆಂಗಸು ನಿಟ್ಟುಸಿರು ಬಿಟ್ಟು, "ಸಾಕಾಯ್ತು ಅಣ್ಣಾ ಇದರ ಉಪದ್ರ. ಯಾರಿಗಾದ್ರೂ ಕೊಟ್ಟುಬಿಡುದು. ನಿಮಗೆ ಬೇಕಾ?" ಎಂದರು.

"ಕೊಡ್ತೀರಾ?" ಎಂದೆ.

"ಓ, ಕೊಡ್ತೇನೆ."

"ನಿಜವಾಗಿ?"

"ಅಯ್ಯೋ, ನಾಳೆಯೇ ತಂದುಕೊಡ್ತೇನೆ ಬೇಕಾದ್ರೆ."

ಕೈಯಲ್ಲಿದ್ದ ಟೆಸ್ಟರನ್ನು ಕೆಳಗಿಟ್ಟು, ಅವರ ಮುಖ ನೋಡಿ ಮತ್ತೊಮ್ಮೆ ಕೇಳಿದೆ. "ಅಕ್ಕಾ, ಕೊಡ್ಲಿಕ್ಕೆ ನಿಮಗೆ ಮನಸ್ಸುಂಟಾ?"

ಅವರು ಮಿಕ್ಸಿಯನ್ನು ಚೀಲಕ್ಕೆ ಹಾಕಿದರು, ಚೀಲದ ಬಾಯಿಯನ್ನು ಎರಡು ಸಲ ಮಡಚಿದರು.

"ಇಲ್ಲ ಅಣ್ಣಾ" ಎಂದರು. "ಇರ್ಲಿ, ನಮ್ಮಲ್ಲಿಯೇ ಇರ್ಲಿ."

ವಯರುಗಳನ್ನು ಎದೆಯೆತ್ತರಕ್ಕೆ ಕಟ್ಟಲು ಹೇಳಿ ಕಳಿಸಿದೆ. ಮೂರನೆಯ ಸಲ ಕೇಳುವುದು ಇಷ್ಟು ಸುಲಭ. ಅವತ್ತು ನನಗೆ ಆಗಲಿಲ್ಲ, ಟೀಚರು ಈಗ ಇಲ್ಲ.