ವರ್ಲಿನ್ ಭಾವನ ಕರಡಿ ಪಿಸ್ತೂಲು

ಕರಡಿಯಿಂದ ಕಾಪಾಡಿಕೊಳ್ಳಲು ಒಂದು ಪಿಸ್ತೂಲು ಬೇಕೆಂದು ನಮ್ಮ ವರ್ಲಿನ್ ಭಾವ ಆರಿಸಲು ಹೊರಟಾಗ ಅವನ ತಲೆತುಂಬ ಕೂದಲಿತ್ತು. ಕೂದಲು ಉದುರಿತು, ಮೀಸೆ ಬೆಳ್ಳಗಾಯಿತು, ಕಾಡಿನಲ್ಲಿ ಕರಡಿಗಳು ಮರಿ ಹಾಕಿ ಆ ಮರಿಗಳೂ ಮರಿ ಹಾಕಿದವು. ಪಿಸ್ತೂಲು ಮಾತ್ರ ಮನೆಗೆ ಬರಲಿಲ್ಲ. ಹೆಂಡತಿಯನ್ನು ಆರಿಸುವಾಗಲೂ ಅವನು ಇಷ್ಟು ಹಿಂದೆಮುಂದೆ ನೋಡಿರಲಿಲ್ಲ. ನಮ್ಮಕ್ಕ ಆರ್ಡಿತ್‌ಳನ್ನು ಚರ್ಚಿನ ಮೆಟ್ಟಿಲ ಮೇಲೆ ಒಮ್ಮೆ ನೋಡಿ ಮುಂದಿನ ತಿಂಗಳೇ ಮದುವೆಯಾದ ಆಸಾಮಿ ಅವನು.

ಹೆದರುಪುಕ್ಕಲ ಅಂತೀರಾ, ಅದೂ ಅಲ್ಲ. ಕೆಂಟಕಿಯ ಈ ಗುಡ್ಡಗಳ ಹೊಟ್ಟೆಯೊಳಗೆ, ಕಲ್ಲಿದ್ದಲ ಗಣಿಯಲ್ಲಿ, ನೆತ್ತಿಯ ಮೇಲಿನ ಬಂಡೆ ಯಾವಾಗ ಕುಸಿಯುತ್ತದೋ ಎನ್ನುವ ಜಾಗದಲ್ಲಿ ಸಿಳ್ಳೆ ಹಾಕಿಕೊಂಡು ಆಯುಸ್ಸು ಸವೆಸಿದವನು. ವಿಷದ ಹಾವನ್ನು ಬೂಟುಗಾಲಲ್ಲಿ ಒದ್ದು ಚರಂಡಿಗೆ ತಳ್ಳಿದ್ದನ್ನು ನಾನೇ ಕಂಡಿದ್ದೇನೆ. ಇಂಥವನಿಗೆ ಕಪ್ಪು ಕರಡಿ ಎಂದರೆ ಮಾತ್ರ ಶಾಸ್ತ್ರ, ಪುರಾಣ, ವಾದ, ವಿವಾದ. ನಮ್ಮ ಕಡೆಯ ಕರಡಿಯೋ, ಗದರಿದರೆ ಬಾಲವಿಲ್ಲದ ನಾಯಿಯ ಹಾಗೆ ಓಡುವ ಪ್ರಾಣಿ.

ಪ್ರತಿ ಶನಿವಾರ ಅವನ ಸವಾರಿ ಹೋಬರ್ಟ್ ಸ್ಪ್ರೌಲ್‌ನ ಅಂಗಡಿಗೆ. ಹೋಬರ್ಟ್ ಒಂದೇ ಸೂರಿನಡಿ ಕೋವಿ, ಬ್ರೆಡ್ಡು, ಮೀನಿನ ಗಾಳಕ್ಕೆ ಎರೆಹುಳ, ಮೂರನ್ನೂ ಮಾರುತ್ತಾನೆ. ಯಾವುದನ್ನು ಮುಟ್ಟಿದ ಕೈಯಲ್ಲಿ ಯಾವುದನ್ನು ಕೊಡುತ್ತಾನೆ ಎಂದು ಕೇಳಬಾರದು.

"ಹೋಬರ್ಟ್, ಆ ನಲವತ್ನಾಲ್ಕರ ರಿವಾಲ್ವರ್ ತೆಗಿ ನೋಡೋಣ."

"ಹೋದ ಶನಿವಾರ ನೋಡಿದ್ಯಲ್ಲೋ ಮಾರಾಯ."

"ಹೋದ ಶನಿವಾರ ಕೈ ತಣ್ಣಗಿತ್ತು. ಹಿಡಿತ ಸರಿಯಾಗಿ ಗೊತ್ತಾಗ್ಲಿಲ್ಲ."

ನಲವತ್ನಾಲ್ಕು ಎಂದರೆ ದಪ್ಪ ಗುಂಡಿನದು, ಬಲವಾದದ್ದು, ಆದರೆ ಭಾರ; ಕಟ್ಟಿಕೊಂಡರೆ ಪ್ಯಾಂಟು ಕೆಳಗಿಳಿಯುತ್ತದೆ. ಚಿಕ್ಕ ರಿವಾಲ್ವರ್ ಹಗುರ, ಆದರೆ ಕರಡಿಗೆ ಸೊಳ್ಳೆ ಕಚ್ಚಿದ ಹಾಗೆ. ಸಾಲಾಗಿ ಗುಂಡು ಹಾರಿಸುವ ಪಿಸ್ತೂಲು ಒಳ್ಳೆಯದೇ, ನಡುವೆ ಗುಂಡು ಸಿಕ್ಕಿಹಾಕಿಕೊಂಡರೆ ಏನು ಗತಿ? ನಳಿಗೆ ಉದ್ದವಾದರೆ ಗುರಿ ನೆಟ್ಟಗೆ, ಆದರೆ ಒರೆಯಿಂದ ಹೊರಗೆಳೆಯುವಷ್ಟರಲ್ಲಿ ಕರಡಿ ಊಟ ಮುಗಿಸಿ ಕೈ ತೊಳೆದಿರುತ್ತದೆ. ಸೊಂಟಕ್ಕೆ ಕಟ್ಟಿದರೆ ಕೂರಲು ಆಗುವುದಿಲ್ಲ, ಎದೆಗೆ ಕಟ್ಟಿದರೆ ಉಣ್ಣಲು ಆಗುವುದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ಮ ಭಾವನಿಗೆ ಅಂಗಡಿಯಲ್ಲಿದ್ದ ನೆಲವೆಲ್ಲ ಡೊಂಕು.

"ಬೇಗ ಆರಿಸೋ ವರ್ಲಿನ್," ಎನ್ನುತ್ತಿದ್ದ ಹೋಬರ್ಟ್. "ನಿನಗೆ ಅಂತ ಇದ್ದ ಕರಡಿ ವಯಸ್ಸಾಗಿ ಸತ್ತೇಹೋಯ್ತಂತೆ. ಈಗ ಅದರ ಮೊಮ್ಮಗ ಕಾಯ್ತಿದಾನೆ."

ಅಂಗಡಿಯಲ್ಲಿ ಚಳಿ ಕಾಯಿಸಲು ಒಲೆಯ ಸುತ್ತ ಕೂತ ಗಂಡಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭಾವನೂ ನಗುತ್ತಿದ್ದ. ಒಂದು ಪೌಂಡು ಬ್ರೆಡ್ಡು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬರುತ್ತಿದ್ದ.

ಅವರಿಗೆ ನಗು. ನನಗೆ ಮಾತ್ರ ಮೈ ಉರಿಯುತ್ತಿತ್ತು. ಯಾಕೆಂದರೆ ಈ ಪಿಸ್ತೂಲಿನ ನಾಟಕ ಯಾತಕ್ಕೆ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು.

ಅಕ್ಕನ ಮನೆಯ ಹಿಂದಿನ ಗುಡ್ಡದ ನೆತ್ತಿಯ ಮೇಲೆ ನಮ್ಮ ಕುಟುಂಬದ ಸಮಾಧಿಗಳಿವೆ. ಅಜ್ಜ, ಅಜ್ಜಿ, ಅಪ್ಪ, ಅವ್ವ. ಬೇಲಿಯ ಮೂಲೆಯಲ್ಲಿ ಐವಾ ಜೀನ್. ಅಕ್ಕ-ಭಾವ ಇಬ್ಬರಿಗೆ ಇದ್ದ ಒಬ್ಬಳೇ ಮಗಳು, ಇನ್ನೂ ಶಾಲೆಗೆ ಸೇರಿರಲಿಲ್ಲ, ಜ್ವರ ಬಂದು ಹೋದಳು. ಮಣ್ಣು ಮಾಡಿ ಇಳಿದು ಬಂದ ಭಾವ ಮತ್ತೆ ಆ ಗುಡ್ಡ ಹತ್ತಲಿಲ್ಲ. ವಸಂತ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಸಮಾಧಿ ಸಿಂಗಾರದ ಭಾನುವಾರ ಬರುತ್ತದೆ. ಕಣಿವೆಯ ಮನೆಮನೆಯವರೂ ಗುದ್ದಲಿ, ಕಾಗದದ ಹೂವು, ಬುತ್ತಿ ಹೊತ್ತು ತಮ್ಮ ತಮ್ಮ ಗುಡ್ಡ ಹತ್ತುತ್ತಾರೆ. ಸಮಾಧಿಯ ಮೇಲೆ ಹುಲ್ಲು ಬೆಳೆಯಲು ಬಿಡುವುದೆಂದರೆ ಸತ್ತವರನ್ನು ಮರೆತಂತೆ. ಬರಿಮಣ್ಣು ಕಾಣುವ ತನಕ ಕೆರೆದು, ಮಣ್ಣು ಏರಿಸಿ, ಹೂವಿಟ್ಟು, ಅಲ್ಲೇ ಬಟ್ಟೆ ಹಾಸಿ ಎಲ್ಲರೂ ಉಣ್ಣುತ್ತಾರೆ. ಪ್ರತಿ ವರ್ಷ ಅಕ್ಕ ಕರೆಯುವಳು. ಪ್ರತಿ ವರ್ಷ ಭಾವನಿಗೆ ಒಂದು ನೆಪ. ಒಮ್ಮೆ ಸೊಂಟನೋವು, ಒಮ್ಮೆ ಮಾಡಿನ ತಗಡು, ಒಮ್ಮೆ ಹಸು ಕರು ಹಾಕುತ್ತದೆ. ಆ ಹಸು ಹೋರಿಯಾಗಿತ್ತು ಎಂದು ನಾನು ನೆನಪಿಸಿದರೆ ನನ್ನನ್ನೇ ದುರುಗುಟ್ಟಿ ನೋಡಿದ.

ಆಮೇಲೆ ಕಾಡಿಗೆ ಕರಡಿಗಳು ಮರಳಿ ಬಂದವು. ಪುಣ್ಯಾತ್ಮನಿಗೆ ಎಂದೂ ಸವೆಯದ ನೆಪ ಸಿಕ್ಕಿಬಿಟ್ಟಿತು. ಕೈಯಲ್ಲಿ ಸರಿಯಾದ ಪಿಸ್ತೂಲು ಇಲ್ಲದೆ ಆ ಕಾಡು ಹತ್ತುವುದು ಬುದ್ಧಿವಂತರ ಲಕ್ಷಣವಲ್ಲ ಎಂದ. ನಾವಿಬ್ಬರು ಹೆಂಗಸರು ಮಾತ್ರ ಬುದ್ಧಿಗೇಡಿಗಳಾಗಿ ವರ್ಷ ವರ್ಷ ಹತ್ತಿದೆವು, ಇಳಿದೆವು. ಒಂದು ಸಲವಾದರೂ ಇಬ್ಬರೂ ಒಟ್ಟಿಗೆ ಮಗಳ ಹತ್ತಿರ ನಿಲ್ಲಬೇಕು, ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಅದನ್ನು ಅವಳು ಬಾಯಿಬಿಟ್ಟು ಕೇಳಿದವಳೂ ಹೌದು, ಅತ್ತು ಕೇಳಿದವಳೂ ಹೌದು.

ಇನ್ನು ಅವನ ಕರಡಿಭಯದ ಚಂದ ನೋಡಿ. ಚಳಿ ಕಳೆದು ಕರಡಿಗಳು ಎದ್ದವು ಎಂದರೆ ಊರಿನವರೆಲ್ಲ ಹಕ್ಕಿಗೆ ಕಾಳು ತುಂಬಿಡುವ ಡಬ್ಬಿಗಳನ್ನು ಇಳಿಸಿ ಒಳಗಿಡುತ್ತಾರೆ. ಸೂರ್ಯಕಾಂತಿ ಬೀಜವೆಂದರೆ ಕರಡಿಗೆ ಪ್ರಾಣ. ಭಾವ ಮಾತ್ರ ಇಳಿಸುವುದಿಲ್ಲ. ಕೆಂಪು ಹಕ್ಕಿಗಳು ಉಪವಾಸ ಇರಬೇಕಾ ಎಂದು ಕೇಳುತ್ತಾನೆ. ಹೋದ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ನಾನು ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಭಾವ ಮೇಜಿನ ಮೇಲೆ ಕೋವಿಯ ಪತ್ರಿಕೆ ಹರಡಿಕೊಂಡಿದ್ದ. ಕಿಟಕಿಯಾಚೆ ಒಂದು ಕರಡಿ ಎರಡು ಕಾಲ ಮೇಲೆ ನಿಂತು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಸುರಿದುಕೊಳ್ಳುತ್ತಿತ್ತು.

"ವರ್ಲಿನ್, ನಿನ್ನ ಕರಡಿ ಬಂದಿದೆ," ಎಂದಳು ಅಕ್ಕ.

ಪತ್ರಿಕೆಯಿಂದ ತಲೆ ಎತ್ತದೆ ಅವನು ಕೇಳಿದ, "ತೂಕ ಎಷ್ಟಿರಬಹುದು ನೋಡು. ಯಾವ ಗುಂಡು ಅನ್ನೋದು ಅದರ ಮೇಲೆ ಇರುತ್ತೆ."

ಅಕ್ಕ ಪಾತ್ರೆ ಮುಚ್ಚಳ, ಸೌಟು ತೆಗೆದುಕೊಂಡು ಕುಂಟುತ್ತ ಜಗಲಿಗೆ ಹೋಗಿ ಢಣಢಣ ಬಾರಿಸಿದಳು. "ಹೋಗತ್ಲಾಗೆ! ನಾಚಿಕೆ ಆಗಲ್ವಾ ನಿಂಗೆ?" ಎಂದು ಬೈದಳು. ಕರಡಿ ನಾಚಿಕೊಂಡು ಹೋಯಿತು. ಭಾವ ಪುಟ ತಿರುಗಿಸಿದ.

ಅಕ್ಕ ಕುಂಟುತ್ತಿದ್ದಳು ಎಂದೆನಲ್ಲ, ಅದೇ ಈ ವರ್ಷದ ತೊಡಕು. ಅವಳ ಎರಡೂ ಮಂಡಿ ಸವೆದುಹೋಗಿವೆ, ಗುಡ್ಡ ಹತ್ತುವ ಆಸೆ ಬಿಡಿ ಎಂದು ಡಾಕ್ಟರು ಹೇಳಿಬಿಟ್ಟರು. ಅಕ್ಕ ಮನೆಗೆ ಬಂದು ಕೋಟು ಕೂಡ ಬಿಚ್ಚದೆ ಗಂಡನ ಎದುರು ನಿಂತಳು.

"ಈ ಸಲ ಹತ್ತೇ ಹತ್ತುತೀನಿ. ಇದೇ ಕೊನೆ. ನೀನು ಬರ್ತೀಯೋ ಇಲ್ವೋ?"

"ಬರಬಾರದು ಅಂತೇನಿಲ್ಲ. ಆದ್ರೆ ಪಿಸ್ತೂಲು..."

"ಎದ್ದೇಳು ಭಾವ," ಎಂದೆ ನಾನು. ಅವನ ಟೋಪಿಯನ್ನು ಅವನ ತಲೆಗೆ ಇಟ್ಟು, ನನ್ನ ಲಾರಿಯಲ್ಲಿ ಕೂರಿಸಿಕೊಂಡು ನೇರವಾಗಿ ಹೋಬರ್ಟ್‌ನ ಅಂಗಡಿಗೆ ಹೊಡೆದೆ.

"ಇವತ್ತು ಇವನು ಬರಿಗೈಯಲ್ಲಿ ಹೊರಗೆ ಬಂದ್ರೆ ನಿನ್ನ ಎರೆಹುಳದ ಡಬ್ಬಿ ಇವನ ತಲೆ ಮೇಲೆ ಸುರೀತೀನಿ," ಎಂದು ಬಾಗಿಲಲ್ಲೇ ಹೇಳಿದೆ.

"ಓಪಲ್, ಆ ಕರಡಿ ಚಪ್ಪಾಳೆ ತಟ್ಟಿದ್ರೆ ಓಡುತ್ತೆ ಕಣೇ," ಎಂದ ಹೋಬರ್ಟ್. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಕೊಡಲಿ ಮಾರುವವನೇ ಕೇಳುವ ಮಟ್ಟಕ್ಕೆ ಬಂದಿತ್ತು ನಮ್ಮ ಕಥೆ.

"ಗೊತ್ತು. ತೆಗಿ."

ಭಾವ ಎಲ್ಲವನ್ನೂ ಇನ್ನೊಮ್ಮೆ ಹಿಡಿದ, ಒಂದು ಕಣ್ಣು ಮುಚ್ಚಿ ಗೋಡೆಯ ಮೇಲಿನ ಜಿಂಕೆತಲೆಗೆ ಗುರಿ ಇಟ್ಟ, ನಿಟ್ಟುಸಿರು ಬಿಟ್ಟ. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ. ಕೊನೆಗೆ ಮೊಟ್ಟಮೊದಲ ಶನಿವಾರ ನೋಡಿದ್ದ ಅದೇ ನಲವತ್ನಾಲ್ಕರ ರಿವಾಲ್ವರನ್ನೇ ಕೊಂಡ. ಒಲೆಯ ಸುತ್ತಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನು ಗೆದ್ದೆ ಎಂದು ನಾನು ಲಾರಿಯ ಬೀಗದಕೈ ತೆಗೆಯುವಷ್ಟರಲ್ಲಿ ಅವನು ಗುಂಡಿನ ಕಪಾಟಿನ ಮುಂದೆ ನಿಂತುಬಿಟ್ಟಿದ್ದ.

"ಗಟ್ಟಿ ಸೀಸದ್ದಾದರೆ ಆಳಕ್ಕೆ ಹೋಗುತ್ತೆ," ಎಂದ. "ತುದಿ ಪೊಳ್ಳಾಗಿರೋದಾದರೆ ಒಳಗೆ ಅರಳುತ್ತೆ. ಇದನ್ನ ಅವಸರದಲ್ಲಿ ತೀರ್ಮಾನ ಮಾಡೋಕಾಗಲ್ಲ ಓಪಲ್. ಮುಂದಿನ ವಾರ ನೋಡೋಣ."

ಆ ಕ್ಷಣ ನನ್ನ ಕೈಯಲ್ಲಿ ಗುಂಡು ತುಂಬಿದ ಕೋವಿ ಇರಲಿಲ್ಲ ಎನ್ನುವುದು ಅವನ ಅದೃಷ್ಟ.

ಸಮಾಧಿ ಸಿಂಗಾರದ ಭಾನುವಾರ ಬಂತು. ಅಕ್ಕ ಕೋಳಿ ಕರಿದು, ಮೊಟ್ಟೆ ಬೇಯಿಸಿ, ಸೇಬಿನ ಕೇಕು ಕಟ್ಟಿಟ್ಟಿದ್ದಳು. ಭಾವ ಹೊಸ ಬೆಲ್ಟಿನಲ್ಲಿ ರಿವಾಲ್ವರ್ ತೂಗುಹಾಕಿಕೊಂಡು, ಒಂದು ಕೈಯಲ್ಲಿ ಪ್ಯಾಂಟು ಎತ್ತಿಹಿಡಿದು ಜಗಲಿಯಲ್ಲಿ ನಿಂತಿದ್ದ.

"ಗುಂಡೇ ಇಲ್ಲ ಆರ್ಡಿತ್. ಬರೀ ಕಬ್ಬಿಣ ಹೊತ್ಕೊಂಡು ಹೋಗಿ ಏನು ಪ್ರಯೋಜನ? ಮುಂದಿನ ವರ್ಷ..."

ಅಕ್ಕ ಬೈಯಲಿಲ್ಲ. ಗುದ್ದಲಿಯನ್ನು ಊರುಗೋಲು ಮಾಡಿಕೊಂಡು ಅವನ ಮುಖ ನೋಡಿದಳು.

"ಮೇಲಿರೋದು ಕರಡಿ ಅಲ್ಲ ವರ್ಲಿನ್, ನಮ್ಮ ಮಗು. ಅವಳಿಗೆ ಹೆದರಿಕೊಂಡು ಕೋವಿ ಹುಡುಕ್ತೀಯಲ್ಲೋ."

ಅಷ್ಟು ಹೇಳಿ ಹೊರಟೇಬಿಟ್ಟಳು. ನಾನು ಬುತ್ತಿ ಹೊತ್ತು ಹಿಂದೆ ನಡೆದೆ. ಸ್ವಲ್ಪ ದೂರ ಹೋದಮೇಲೆ ತಿರುಗಿ ನೋಡಿದರೆ ಭಾವ ದೂರದಿಂದ ಬರುತ್ತಿದ್ದ, ಸಾಲ ಕೊಟ್ಟವನ ಮನೆಗೆ ಹೋಗುವವನ ಹಾಗೆ ಕಾಲೆಳೆಯುತ್ತ.

ಅಕ್ಕ ಹತ್ತಿದ ಪರಿ ನಾನು ಹೇಳಲಾರೆ. ನಾಲ್ಕು ಹೆಜ್ಜೆ ಇಡುವಳು, ಮರ ಹಿಡಿದು ನಿಲ್ಲುವಳು, ತುಟಿ ಕಚ್ಚುವಳು. ನೆತ್ತಿ ಹತ್ತಿರ ಬಂತು ಎನ್ನುವಾಗ ದಾರಿ ಪಕ್ಕದಲ್ಲಿ ಕೊಳೆತ ದಿಮ್ಮಿಯೊಂದು ಉರುಳಿತು. ದಿಮ್ಮಿಯ ಹಿಂದೆ ಕರಡಿ. ಮೂತಿಗೆಲ್ಲ ಇರುವೆ ಮೆತ್ತಿಕೊಂಡು ನಮ್ಮನ್ನೇ ನೋಡಿತು. ಹಿಂದಿನಿಂದ ಧಡಧಡ ಓಡಿಬಂದ ಭಾವ ನಮ್ಮಿಬ್ಬರನ್ನೂ ಹಿಂದಕ್ಕೆ ತಳ್ಳಿ ಮುಂದೆ ನಿಂತು ರಿವಾಲ್ವರ್ ಚಾಚಿದ. ಒಂದೇ ಒಂದು ಗುಂಡಿಲ್ಲದ ರಿವಾಲ್ವರ್! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಮಾತ್ರ ಒಂದು ಹೆಜ್ಜೆಯೂ ಹಿಂದೆ ಇಡಲಿಲ್ಲ, ಅದನ್ನೂ ಹೇಳಬೇಕು.

"ಸುಮ್ನಿರು, ಅದಕ್ಕೂ ಗೊತ್ತು ಅದು ಖಾಲಿ ಅಂತ," ಎಂದಳು ಅಕ್ಕ. ಎರಡು ಸಲ ಚಪ್ಪಾಳೆ ತಟ್ಟಿದಳು. "ಹೋಗಪ್ಪಾ, ನಮಗೆ ಕೆಲಸ ಇದೆ." ಕರಡಿ ಪೊದೆಗಳನ್ನು ಮುರಿದುಕೊಂಡು ಇಳಿಜಾರಿನಲ್ಲಿ ಮಾಯವಾಯಿತು.

ಅದರ ಜೊತೆಗೆ ಭಾವನ ನೆಪವೂ ಹೋಯಿತು. ಎದುರಿಗೇ ಸಮಾಧಿಯ ಬೇಲಿ. ಅವನು ಬಾಗಿಲಲ್ಲಿ ನಿಂತ.

"ನೀವು ಒಳಗೆ ಹೋಗಿ. ನಾನಿಲ್ಲಿ ಕಾವಲಿರ್ತೀನಿ."

"ಯಾರಿಗೆ ಕಾವಲು ಭಾವ? ನಮ್ಮಜ್ಜಿನ ಕರಡಿ ಹೊತ್ಕೊಂಡು ಹೋಗುತ್ತೇನೋ? ಹೊತ್ಕೊಂಡು ಹೋದ್ರೆ ಅದೇ ವಾಪಸ್ ತಂದಿಡುತ್ತೆ, ಹೆದರಬೇಡ."

ಅಕ್ಕ ಮಗಳ ಮೂಲೆಗೆ ಹೋಗಿ ಗುದ್ದಲಿಯಿಂದ ಹುಲ್ಲು ಕೆರೆಯತೊಡಗಿದಳು. ಕಲ್ಲಿನ ಬುಡದ ಹುಲ್ಲಿಗೆ ಗುದ್ದಲಿ ತಾಗುವುದಿಲ್ಲ, ಅದನ್ನು ಕೂತು ಕೈಯಿಂದಲೇ ಕೀಳಬೇಕು. ಅಕ್ಕ ಕಲ್ಲು ಹಿಡಿದು ಬಗ್ಗಲು ನೋಡಿದಳು, ಆಗಲಿಲ್ಲ. ಇನ್ನೊಮ್ಮೆ ನೋಡಿದಳು. ನಾನು ಬುತ್ತಿ ಇಳಿಸಿ ಎದ್ದೆ. ಅವಳು ಕಣ್ಣಲ್ಲೇ ನನ್ನನ್ನು ಕೂರಿಸಿದಳು.

"ವರ್ಲಿನ್, ನನ್ನ ಮಂಡಿ ಬಗ್ತಿಲ್ಲ," ಎಂದು ಕೂಗಿದಳು. "ಬಾ."

ಆಮೇಲೆ ಬೇಲಿಯ ಬಾಗಿಲು ಕಿರುಗುಟ್ಟಿತು. ಬಂದು ಮಂಡಿಯೂರಲು ಹೋದರೆ ರಿವಾಲ್ವರಿನ ನಳಿಗೆ ತೊಡೆಗೆ ಚುಚ್ಚಿತು. ಬೆಲ್ಟು ಬಿಚ್ಚಿ, ಎಲ್ಲಿ ಬಿತ್ತೆಂದೂ ನೋಡದೆ ಪಕ್ಕಕ್ಕೆ ಎಸೆದ. ಎರಡೂ ಕೈಯಲ್ಲಿ ಹುಲ್ಲು ಕಿತ್ತ, ಬೇರು ಕಿತ್ತ, ಕಲ್ಲಿನ ಮೇಲಿನ ಪಾಚಿಯನ್ನು ಉಗುರಿನಿಂದ ಕೆರೆದ. ಒಂದು ತುದಿಯಿಂದ ಇನ್ನೊಂದು ತುದಿಗೆ ಬರಿಮಣ್ಣು ಕಾಣಿಸಿಕೊಂಡಿತು. ಕೂತಲ್ಲಿಂದಲೇ ಅವನ ಒಂದು ಕೈ ಸಮಾಧಿಯ ತಲೆಯ ತುದಿಯನ್ನು ಮುಟ್ಟುತ್ತಿತ್ತು, ಇನ್ನೊಂದು ಕೈ ಕಾಲಿನ ತುದಿಯನ್ನು.

"ಇಷ್ಟೇನಾ ಆರ್ಡಿತ್?" ಎಂದ.

"ಇಷ್ಟೇ."

"ಇವಳ ಪೆಟ್ಟಿಗೆ ನಾನು ಹೊತ್ಕೊಂಡು ಬಂದಾಗ ಬೆಟ್ಟದಷ್ಟು ಭಾರ ಇತ್ತಲ್ಲೇ."

ಅಕ್ಕ ಅವನ ಬೋಳುತಲೆಯ ಮೇಲೆ ಕೈಯಿಟ್ಟು ಆಧಾರ ತೆಗೆದುಕೊಂಡಳು.

"ಆ ಭಾರ ಇಳಿಸೋಕೆ ಬಾ ಅಂತಾನೇ ಕಣೋ ಇಷ್ಟು ವರ್ಷ ಕರೆದದ್ದು," ಎಂದು ಗುದ್ದಲಿಯನ್ನು ಅವನ ಕೈಗೆ ಕೊಟ್ಟಳು.