ಹಗ್ಗ ಜಗ್ಗಿದ ಮೇಲೆ

ಆಗಿನ್ನೂ ಯಡಿಯೂರು ಊರಾಗಿಯೇ ಇತ್ತು. ಜಯನಗರ ಬಡಾವಣೆಗೆಂದು ಹೊಲಗಳಲ್ಲಿ ಕಲ್ಲು ನೆಟ್ಟು ಹೋಗಿದ್ದರು. ಆ ಕಲ್ಲುಗಳ ನಡುವೆಯೇ ನಾವು ಕೊನೆಯ ಸಲ ರಾಗಿಯ ಜೊತೆ ಅವರೆ ಬೆಳೆದೆವು. ಚಳಿ ಬಿದ್ದು ಕಾಯಿಗೆ ಸೊಗಡು ಏರಿತೆಂದರೆ ಬೀದಿಯ ಮನೆಮನೆಯಲ್ಲೂ ಒಂದೇ ವಾಸನೆ. ನನ್ನ ವಯಸ್ಸಿನವರಿಗೆ ಅದನ್ನು ವಿವರಿಸಬೇಕಿಲ್ಲ.

ಹಿಂದಿನ ದಿನ ನೆನೆಹಾಕಿದ ಕಾಳನ್ನು ಮಧ್ಯಾಹ್ನ ಊಟವಾದ ಮೇಲೆ ಅಮ್ಮ ಜಗಲಿಗೆ ತಂದಿಡುತ್ತಿದ್ದಳು. ಒಂದೊಂದೇ ಕಾಳು ಹಿದುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡಬೇಕು. "ಬೋಗುಣಿ ಖಾಲಿಯಾಗೋವರ್ಗೂ ಯಾರೂ ಏಳಂಗಿಲ್ಲ" ಎಂಬುದು ಅಮ್ಮನ ಕಾನೂನು. ನಾನು, ಅಕ್ಕ ಗೌರಿ, ಅಮ್ಮ ಸುತ್ತ ಕೂರುತ್ತಿದ್ದೆವು. ಗೋಡೆಗೆ ಒರಗಿ ತಾತ.

ತಾತನ ಮಾತಿಗೆ ಊರಿನಲ್ಲಿ ಕಿವಿಯಿರಲಿಲ್ಲ. ಅರಳಿಕಟ್ಟೆಯಲ್ಲಿ "ನಮ್ ಬಾವಿ ತೋಡ್ದಾಗ..." ಎಂದು ಶುರು ಮಾಡಿದರೆ ಒಬ್ಬನಿಗೆ ಎಮ್ಮೆ ನೆನಪಾಗುತ್ತಿತ್ತು, ಇನ್ನೊಬ್ಬನಿಗೆ ಮಡಿವಾಳಕ್ಕೆ ಹೋಗಬೇಕಾದದ್ದು. "ಯಾಕ್ರಲಾ, ನಾನ್ ಬಾಯ್ ಬುಟ್ರೆ ಎಲ್ರಿಗೂ ಕೆಲ್ಸ ಬತ್ತದೆ?" ಎಂದು ತಾನೇ ನಗುತ್ತಿದ್ದ. ಅವರೆಕಾಯಿ ಕಾಲದಲ್ಲಿ ಮಾತ್ರ ನಾವು ಅವನಿಗೆ ಸಿಕ್ಕಿಬೀಳುತ್ತಿದ್ದೆವು. ಕೈ ಒದ್ದೆ, ಎದುರಿಗೆ ಅಮ್ಮ.

ನಮ್ಮ ಹೊಲದ ಆ ಬಾವಿ ತೋಡಿದವರು ತಾತ ಮತ್ತು ಅವನ ತಮ್ಮ. ತಮ್ಮ ಅಲ್ಲೇ ಸತ್ತನೆಂಬಷ್ಟು ನಮಗೆ ಗೊತ್ತಿತ್ತು. ಮಹಾಲಯ ಅಮಾವಾಸ್ಯೆಗೆ ಅವನಿಗೂ ಒಂದು ಎಡೆ ಇಡುತ್ತಿದ್ದರು. ಹೇಗೆ ಸತ್ತನೆಂದು ಯಾರೂ ಹೇಳುತ್ತಿರಲಿಲ್ಲ. ತಾತ ಮೊದಲ ಗುದ್ದಲಿ ಏಟಿನಿಂದ ಹಿಡಿದು ಕೆಂಪು ಮಣ್ಣು, ಜೇಡಿ ಮಣ್ಣು ಎಂದು ಇಳಿಯುತ್ತಾ ಬಂಡೆಗೆ ಬರುವಷ್ಟರಲ್ಲಿ ಬೋಗುಣಿ ಖಾಲಿ. ಪ್ರತಿ ವರ್ಷವೂ ಅಷ್ಟೇ.

ಆ ಕೊನೆಯ ವರ್ಷ, ಬಡಾವಣೆಯವರು ಬಾವಿ ಮುಚ್ಚುವ ದಿನ ಬಂತು. ಅವತ್ತು ತಾತ ಕಥೆಯಲ್ಲಿ ಮೇಲಿನ ಮಣ್ಣೆಲ್ಲ ಬಿಟ್ಟು ನೇರ ಬಂಡೆಗೇ ಬಂದ.

"ನಾಲ್ಕಾಳು ಆಳ ಕಣ್ಲಾ. ಅವ್ನು ಕೆಳಗೆ, ನಾನು ಮೇಲೆ. ಹಗ್ಗ ಒಂದ್ಸಲ ಜಗ್ಗಿದ್ರೆ ಮಣ್ಣಿನ ಬುಟ್ಟಿ ಎಳೀಬೇಕು. ಎರಡು ಸಲ ಜಗ್ಗಿದ್ರೆ ಅವನ್ನೇ ಎಳೀಬೇಕು. ಹಂಗಂತ ಮಾತು."

ದೂರದಲ್ಲಿ ಲಾರಿಗಳ ಸದ್ದು. ರೋಲರ್ ಬೇರೆ ಬಂದಿದೆ ಎಂದು ಬೀದಿಯ ಹುಡುಗರು ಕೂಗಿಕೊಂಡು ಓಡಿದರು. ನನ್ನ ಬೆರಳುಗಳು ಮೊದಲೇ ಚುರುಕು. ಈಗ ಮಿಷನ್ನಿನಂತೆ ಓಡಿದವು. ಬೋಗುಣಿಯ ತಳ ಕಾಣುವಾಗ ತಾತ ಪಂಚೆಯ ಮಡಿಕೆಯಿಂದ ಒಂದು ಹಿಡಿ ಕಾಳು ತೆಗೆದು ಮೆಲ್ಲಗೆ ಅದರೊಳಗೆ ಬಿಟ್ಟ.

"ಅಮ್ಮಾ, ತಾತ ಕಾಳು ಬಚ್ಚಿಟ್ಕೊಂಡಿತ್ತು!" ಗೌರಿ ಕೂಗಿದಳು. ಅಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಆ ಹಿಡಿಯನ್ನೂ ಚಕಚಕನೆ ಹಿದುಕಿ ಬಿಸಾಕಿ, "ಮುಗೀತು ನೋಡಮ್ಮ!" ಎಂದು ಎದ್ದೆ.

"ಆಗ ಹಗ್ಗ ಜಗ್ತು ಕಣ್ಲಾ... ಒಸಿ ಕೂತ್ಕೊಳ್ಲಾ. ಇನ್ನೊಂಚೂರೇ ಐತೆ."

"ಬಂದ್ ಕೇಳ್ತೀನಿ ತಾತ."

ಅಮ್ಮ ಬೇಳೆ ಎತ್ತಿಕೊಂಡು ಒಳಗೆ ಹೋದಳು. ಗೌರಿ ಹಸುವಿಗೆ ಸಿಪ್ಪೆ ಹಾಕಲು ಎದ್ದಳು.

ಲಾರಿ ಹಿಂದಕ್ಕೆ ಸರಿದು ಬಂದು ಬಾವಿಗೆ ಮಣ್ಣು ಸುರಿಯುವುದನ್ನು ನಾನು ಹೊತ್ತು ಇಳಿಯುವವರೆಗೂ ನಿಂತು ನೋಡಿದೆ. ನಿಲ್ಲು ಅಂತ ಯಾರೂ ಹೇಳಿರಲಿಲ್ಲ. ಕಾಲು ನೋಯಲೂ ಇಲ್ಲ.

ಮನೆಗೆ ಬಂದು, "ಹೇಳು ತಾತ, ಎಷ್ಟ್ ಸಲ ಜಗ್ತು?" ಎಂದೆ. ತಾತ ನನ್ನ ಕಾಲಿಗೆ ಮೆತ್ತಿದ ಮಣ್ಣು ನೋಡಿದ.

"ಮುಚ್ಚುದ್ರಾ?"

"ಪೂರ್ತಿ ಮುಚ್ಚುದ್ರು."

"ಹಂಗಾದ್ರೆ ಮುಗೀತು ಬುಡು."

ಮುಂದಿನ ಚಳಿಗೆ ಅವರೆಕಾಯಿ ಪೇಟೆಯಿಂದ ಬಂತು. ತಾತ ಸುಮ್ಮನೆ ಹಿದುಕುತ್ತಿದ್ದ. ಬೋಗುಣಿ ಖಾಲಿಯಾದರೂ ನಾನು ಏಳಲಿಲ್ಲ, ಬಾವಿ ಕಥೆ ಹೇಳೆಂದು ಗೋಗರೆದೆ. "ಆಟ ಆಡ್ಕೋ ಓಗ್ಲಾ" ಎಂದ, ಅಷ್ಟೇ. ಮತ್ತೊಂದು ಅವರೆ ಕಾಲಕ್ಕೆ ಅವನಿರಲಿಲ್ಲ. ಅಪ್ಪನನ್ನು ಕೇಳಿದೆ. "ನಂಗೂ ಗೊತ್ತಿಲ್ಲ ಕಣೋ. ಚಿಕ್ಕೋನಾಗಿದ್ದಾಗ ನಾನೂ ಬಂಡೆ ಬರೋ ಹೊತ್ಗೇ ಎದ್ದೋಗ್ತಿದ್ದೆ" ಎಂದ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಸೇರಿದವನು ನಾನು. ಜಯನಗರದಲ್ಲಿ ನಾನು ಎಬ್ಬಿಸಿದ ಗೋಡೆಗಳು ಇವತ್ತಿಗೂ ಬಿರುಕು ಬಿಟ್ಟಿಲ್ಲ. ಮೇಸ್ತ್ರಿಯಾದ ಮೇಲೆ ನಾನು ಬಾಯಿ ತೆರೆದರೆ ಹತ್ತಾಳು ಕೈಕಟ್ಟಿ ಕೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಒಬ್ಬನೂ ನಿಲ್ಲುತ್ತಿರಲಿಲ್ಲ. ತಾತನ ಕಷ್ಟ ಆಗ ಅರ್ಥವಾಯಿತು. ಎದ್ದು ಹೋಗಬಹುದಾಗಿದ್ದೂ ಹೋಗದೆ ಕೂರುವ ಒಬ್ಬನು ಅವನಿಗೆ ಬೇಕಾಗಿತ್ತು. ಅವತ್ತು ಆ ಒಬ್ಬ ನಾನಾಗಬಹುದಿತ್ತು.

ಈಗ ಹಿದುಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಸೊಸೆ ತರುತ್ತಾಳೆ, ಸಾರೂ ಚೆನ್ನಾಗಿರುತ್ತದೆ. ಜಗಲಿಯಲ್ಲಿ ಯಾರೂ ಕೂರಬೇಕಾಗಿಲ್ಲ. ಬಾವಿ ಇದ್ದಲ್ಲಿ ಯಾರದೋ ಮನೆ.

ಮಹಾಲಯಕ್ಕೆ ಅಪ್ಪ ಅಮ್ಮನ ಎಡೆಯ ಜೊತೆ ಇನ್ನೆರಡು ಇಡುತ್ತೇವೆ, ತಾತನದು, ಅವನ ತಮ್ಮನದು. ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದಕ್ಕೆಳೆದು ಹೊರಗೆ ಹೋಗುವುದು ನಮ್ಮ ಪದ್ಧತಿ. ಮನೆಯವರೆಲ್ಲ ಎದ್ದು ಹೋಗುತ್ತಾರೆ. ನಾನು ಏಳುವುದಿಲ್ಲ.