ಅಡುಗೆ ಭಟ್ರು ನಡೆಯದ ಹಿಮನದಿ

ಕಳೆದ ವಾರ ಬೆಳಿಗ್ಗೆ ಬ್ರಹ್ಮಾವರದ ನಮ್ಮ ಬಾಡಿಗೆ ಮನೆಯ ಬಚ್ಚಲಲ್ಲಿ ಬಿಸಿನೀರಿನ ನಲ್ಲಿ ತಿರುಗಿಸಿದೆ, ಕೊಳೆತ ಮೊಟ್ಟೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಪ್ಲಂಬರ್ ಬಂದ. ಬೋರ್‌ವೆಲ್ ನೀರು, ಗೀಸರಿನ ಒಳಗಿನ ಸರಳು ಸವೆದಿದೆ, ಬದಲಾಯಿಸಬೇಕು ಅಂತ ಏನೇನೋ ಹೇಳಿದ. ಹೂಂ ಹೂಂ ಅನ್ನುತ್ತಿದ್ದೆ, ಅಷ್ಟೆ. ಆ ವಾಸನೆ ನನ್ನನ್ನು ಆಗಲೇ ಐಸ್‌ಲ್ಯಾಂಡಿನ ಒಂದು ಅಡುಗೆಮನೆಗೆ ಎಳೆದುಕೊಂಡು ಹೋಗಿತ್ತು. ಅಲ್ಲಿ ನಮ್ಮ ಅಡುಗೆ ಭಟ್ರು ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲಿನ ಬೈರಾಸು ಮೂಗಿಗೆ ಒತ್ತಿಕೊಂಡು, ನಲ್ಲಿಯ ಎದುರು ನಿಂತಿದ್ದರು.

"ತಂಗಿ, ಈ ನೀರಗ್ ಅನ್ನ ಬೇಯ್ಸುಕಾತಿಲ್ಲೆ. ಯಾರೋ ಇದ್ರಗೆ ಮೊಟ್ಟಿ ಬೇಯ್ಸಿರ್!"

ಅದು ಗಂಧಕದ ವಾಸನೆ ಭಟ್ರೆ, ನೆಲದಡಿಯ ಬೆಂಕಿಯಿಂದ ಕಾದು ಬರುವ ನೀರು, ಜ್ವಾಲಾಮುಖಿಯ ದೇಶ ಇದು ಅಂತ ಅರ್ಧ ಗಂಟೆ ವಿವರಿಸಿದೆ. ಅವರು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ತಣ್ಣೀರಿನ ನಲ್ಲಿ ತೋರಿಸಿ, ಇದು ಹಿಮ ಕರಗಿ ಬರುವ ನೀರು ಅಂದೆ. ಬೊಗಸೆಯಲ್ಲಿ ಹಿಡಿದು ಕುಡಿದರು. ಇನ್ನೊಂದು ಬೊಗಸೆ ಕುಡಿದರು. ಆಮೇಲೆ ಅನ್ನಕ್ಕೆ ಇಟ್ಟರು.

ನನ್ನ ಕಸುಬು ಹೇಳದೆ ಈ ಕಥೆ ಅರ್ಥವಾಗದು. ಕುಂದಾಪುರದಲ್ಲಿ ಒಂದು ಬೇಕರಿಯ ಮಹಡಿ ಮೇಲೆ ನನ್ನ ಟ್ರಾವೆಲ್ಸ್ ಆಫೀಸು. ಮೊದಲು ಮುಂಬಯಿ ಬಸ್ಸಿನ ಟಿಕೆಟ್ಟು, ಆಮೇಲೆ ಕಾಶಿ, ಕೇದಾರ. ಆ ಯಾತ್ರೆಗಳಿಗೆಲ್ಲ ಕಾಯಂ ಬರುತ್ತಿದ್ದವರು ಮುಂಬಯಿ, ಬೆಂಗಳೂರಲ್ಲಿ ಹೋಟೆಲು ಇಟ್ಟ ನಮ್ಮೂರ ಜನ, ಒಂದು ಹಂತದಲ್ಲಿ ಐವತ್ತು ದಾಟಿದರು. ಸಕ್ಕರೆ ಕಾಯಿಲೆ ಬಂತು, ಡಾಕ್ಟರು ನಡೆಯಿರಿ ಅಂದರು. ನಡೆಯುವುದೇ ಆದರೆ ಯಾರೂ ನಡೆಯದ ಕಡೆ ನಡೆಯುವ ಅಂತ ಅವರಲ್ಲೇ ಒಬ್ಬರಿಗೆ ಹುಕಿ ಹತ್ತಿತು. ಹಾಗೆ ನಾನು ಬೆಂಕಿಯ ಗುಡ್ಡ, ಹಿಮದ ಹೊಳೆಗಳ ನಡುವೆ ಜನರನ್ನು ನಡೆಸುವವಳಾದೆ. ಬೇಕಿತ್ತಾ ನನಗೆ? ಈಗ ಕೇಳಿದರೆ ಬೇಡವಿತ್ತು ಅನ್ನುತ್ತೇನೆ.

ಈ ನಡಿಗೆಯ ಯೋಜನೆ ಎಂದರೆ ತಲೆ ತಿನ್ನುವ ಕೆಲಸ. ಅಲ್ಲಿಯ ಗೈಡುಗಳು ಕಿಲೋಮೀಟರು, ಗಂಟೆ, ಏರು ಇಳಿತ ಅಂತ ಪಟ್ಟಿ ಕಳಿಸುತ್ತಾರೆ. ಅದನ್ನು ನಮ್ಮವರಿಗೆ ಅರ್ಥವಾಗುವ ಹಾಗೆ ನಾನು ಬಿಡಿಸಬೇಕು. ಮೊದಲ ದಿನ ಒಂದು ಕೊಡಚಾದ್ರಿ ಹತ್ತಿದಷ್ಟು. ಎರಡನೇ ದಿನ ಇಳಿತವೇ, ಆದರೆ ಮೊಣಕಾಲವರೆಗೆ ಕೊರೆಯುವ ಹೊಳೆ ದಾಟಬೇಕು. ಮೂರನೇ ದಿನ ಕಪ್ಪು ಬೂದಿಯ ಮರಳು, ಹೆಜ್ಜೆ ಹೂತುಹೋಗುತ್ತದೆ. ಅದಕ್ಕೆಂದು ಬೇಸಗೆಯಲ್ಲೇ ಎಲ್ಲರಿಗೂ ಅಭ್ಯಾಸ ಮಾಡಿಸುತ್ತಿದ್ದೆ. ಬೈಂದೂರಿನ ಒತ್ತಿನೆಣೆ ಗುಡ್ಡ ಹತ್ತಿಸುವುದು, ಬೆನ್ನಚೀಲದಲ್ಲಿ ಐದು ಕಿಲೋ ಕುಚ್ಚಲಕ್ಕಿ ತುಂಬಿಸಿ ಮರವಂತೆಯ ಮರಳಲ್ಲಿ ನಡೆಸುವುದು.

ಎಲ್ಲದಕ್ಕಿಂತ ದೊಡ್ಡ ಸಮಸ್ಯೆ ಹೊಟ್ಟೆಯದು. ಅಲ್ಲಿ ಸಿಗುವುದು ಮೀನು, ಕುರಿ, ಬ್ರೆಡ್ಡು. ನಮ್ಮವರಲ್ಲಿ ಅರ್ಧದಷ್ಟು ಜನ ದೇವಸ್ಥಾನದ ಊರಿನ ಸಸ್ಯಾಹಾರಿಗಳು. ಉಳಿದರ್ಧ ಊರಲ್ಲಿ ಮೀನಿಲ್ಲದೆ ಉಣ್ಣದವರಾದರೂ ಯಾತ್ರೆ ಅಂದ ಮೇಲೆ ಸಾರು ಅನ್ನವೇ ಬೇಕು ಅನ್ನುವವರು. ಅಡುಗೆಯವರನ್ನು ಕರೆದುಕೊಂಡು ಹೋಗದೆ ಗತಿಯಿರಲಿಲ್ಲ.

ಭಟ್ರು ಸಾಸ್ತಾನದ ಒಳಗಿನ ಕಡೆಯವರು. ಮದುವೆ, ಉಪನಯನಕ್ಕೆ ಸಾವಿರ ಜನರಿಗೆ ಬಡಿಸಿದ ಕೈ. ಆಷಾಢ ಬಂತೆಂದರೆ ನಮ್ಮ ಕಡೆ ಮದುವೆಯಿಲ್ಲ, ಮುಂಜಿಯಿಲ್ಲ, ಅಡುಗೆಯವರಿಗೆ ಕೆಲಸವೂ ಇಲ್ಲ. ಐಸ್‌ಲ್ಯಾಂಡಿನ ಗುಡ್ಡದ ದಾರಿಗಳು ತೆರೆಯುವುದೂ ಸರಿಯಾಗಿ ಆಗಲೇ. ಕೇಳಿದ ಕೂಡಲೇ ಒಪ್ಪಿದರು. ಅರವತ್ತು ಹತ್ತಿರವಾಗಿತ್ತು. ಮದುವೆಯಿಲ್ಲದ ದಿನ ನೋಡಿಕೊಂಡು ಅಭ್ಯಾಸಕ್ಕೂ ಬರುತ್ತಿದ್ದರು. ಮರವಂತೆಯ ಮರಳಲ್ಲಿ ಎಲ್ಲರಿಗಿಂತ ಮುಂದೆ ಬರಿಗಾಲಲ್ಲಿ ಹೋಗಿ, ತಿರುಗಿ ನಿಂತು, "ಹ್ವಾಯ್, ಎಂತ ಮರ್ರೆ, ಅನ್ನ ಬೇಯ್ಲಿ ಅಂದ್ ಕಾಯ್ತಿದ್ರಿಯಾ?" ಅಂತ ಏದುಸಿರು ಬಿಡುವ ಹೋಟೆಲ್ ಮಾಲಿಕರನ್ನು ಕಿಚಾಯಿಸುತ್ತಿದ್ದರು.

ಆದರೆ ಅಲ್ಲಿಗೆ ಹೋದ ಮೇಲೆ ಅವರಿಗೆ ನಡಿಗೆಯಿಲ್ಲ. ರಾತ್ರಿ ತಂಗುವ ಒಂದು ಗುಡಿಸಲಿನಿಂದ ಇನ್ನೊಂದು ಗುಡಿಸಲಿಗೆ ನಾವೆಲ್ಲ ನಡೆದುಹೋಗುವುದು. ಸಾಮಾನು ಮಾತ್ರ ಎತ್ತರದ ಚಕ್ರದ ಗಾಡಿಯಲ್ಲಿ ಸುತ್ತುದಾರಿಯಲ್ಲಿ ಹೋಗುತ್ತದೆ. ಕುಕ್ಕರು, ಅಕ್ಕಿ, ಸಾರಿನ ಪುಡಿಯ ಜೊತೆ ಭಟ್ರೂ ಸಾಮಾನಿನ ಲೆಕ್ಕದಲ್ಲೇ. ನಾವು ಸಂಜೆ ಕಾಲೆಳೆಯುತ್ತ ತಲುಪುವಾಗ ಗುಡಿಸಲಿನ ಹೊರಗೇ ಒಗ್ಗರಣೆಯ ಪರಿಮಳ. ಇಂಗು, ಕರಿಬೇವು... ಕಪ್ಪು ಲಾವಾ ಕಲ್ಲಿನ ನಡುವೆ ಆ ಪರಿಮಳಕ್ಕೆ ಹಲವರಿಗೆ ಕಣ್ಣಲ್ಲಿ ನೀರು ಬಂದದ್ದು ನಾನೇ ನೋಡಿದ್ದೇನೆ. ಊಟ ಬಡಿಸುತ್ತ ಭಟ್ರು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಇವತ್ತು ಏನು ಕಂಡಿರಿ? ನೆಲದಿಂದ ಹಬೆ ಹೇಗೆ ಬರುತ್ತದೆ? ಕಾಲಿಗೆ ಬಿಸಿ ತಾಗುತ್ತದಾ?

ಕೊನೆಯ ದಿನ ದಕ್ಷಿಣದ ಒಂದು ಅತಿಥಿಗೃಹ. ಬೆಳಿಗ್ಗೆ ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡು ಹಿಮನದಿಯ ಮೇಲೆ ನಡೆಯುವುದು, ಮಧ್ಯಾಹ್ನ ಬಂದು ಸಮಾರಾಧನೆ. ಯಾತ್ರೆ ಮುಗಿಸಿ ಮನೆಗೆ ಬಂದವರು ನಾಲ್ಕು ಜನರಿಗೆ ಊಟ ಹಾಕುವುದು ನಮ್ಮಲ್ಲಿ ಪದ್ಧತಿ. ವಿಮಾನ ಇಳಿದ ಕೂಡಲೇ ಒಬ್ಬರು ಮುಂಬಯಿಗೆ, ಒಬ್ಬರು ಬೆಂಗಳೂರಿಗೆ ಚದುರಿಹೋಗುತ್ತಾರಲ್ಲ, ಅದಕ್ಕೆ ಅಲ್ಲೇ ಮುಗಿಸುವ ಅಂದರು. ಬೂದಿ, ಹಿಮ ನೋಡಿ ಬರುವುದಕ್ಕೆ ಸಮಾರಾಧನೆ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಪಾಯಸ, ಎರಡು ಪಲ್ಯ, ಹುಳಿ, ಸಾರು. ಬೆಳಗಿನಿಂದ ಮಾಡಿದರೆ ಮಧ್ಯಾಹ್ನಕ್ಕಾಗುವ ಅಡುಗೆ. ಯೋಜನೆಯ ಹಾಳೆಯಲ್ಲಿ ಎರಡನ್ನೂ ಒಂದೇ ದಿನಕ್ಕೆ ಬರೆದವಳು ನಾನು.

ಆ ಅಡುಗೆಮನೆಯ ಕಿಟಕಿಯಿಂದ ಹಿಮನದಿ ಕಾಣುತ್ತಿತ್ತು. ಎರಡು ಗುಡ್ಡಗಳ ನಡುವಿನಿಂದ ಇಳಿದು ಬಂದದ್ದು, ಅಲ್ಲಲ್ಲಿ ನೀಲಿ, ಅಲ್ಲಲ್ಲಿ ಬೂದಿಯ ಕಪ್ಪುಗೆರೆ. ಮೊದಲ ವರ್ಷ ನಾವು ನಡೆದು ಬಂದು ಉಂಡಾದ ಮೇಲೆ, ಭಟ್ರು ಪಾತ್ರೆ ತೊಳೆಯುತ್ತ, ನನ್ನ ಮುಖ ನೋಡದೆಯೇ ಕೇಳಿದರು.

"ಐಸ್ ಅಂದ್ರೆ ಮೀನ್ ಲಾರಿಯಗಿಪ್ದ್ ಮಾತ್ರ ಗೊತ್ತಿತ್ತ್ ನಂಗೆ. ನಾನೂ ಒಂದ್ಸಲ ಅದ್ರ್ ಮೇಲ್ ನಡ್ಕಂಡ್ ಹೋಯ್ಲಕ್ಕಾ ತಂಗಿ?"

ಬಪ್ಪ ವರ್ಷ ಖಂಡಿತ ಭಟ್ರೆ, ಅಂದೆ. ಮನಸ್ಸಿನಿಂದಲೇ ಹೇಳಿದ್ದು, ಸುಳ್ಳಲ್ಲ.

ಎರಡನೇ ವರ್ಷ ಅವರ ಹೆಸರು ಬರೆದಿದ್ದೆ. ಹಿಮದ ಮೇಲೆ ಒಬ್ಬ ಗೈಡಿಗೆ ಹನ್ನೆರಡೇ ಜನ, ಭಟ್ರು ಹನ್ನೆರಡನೆಯವರು. ಪಾಯಸ ಹಿಂದಿನ ದಿನವೇ ಮಾಡಿಡುವುದು, ಉಳಿದದ್ದು ಬಂದ ಮೇಲೆ ಅಂತ ಅವರೇ ಉಪಾಯ ಹೂಡಿದ್ದರು. ಹೊರಡಲು ವಾರವಿರುವಾಗ ನನ್ನ ಹಳೆಯ ಗಿರಾಕಿಯೊಬ್ಬರ ಭಾವನೆಂಟ ತಾನೂ ಬರುತ್ತೇನೆ, ವೀಸಾ ಆಗಲೇ ಇದೆ ಅಂತ ಗಂಟುಬಿದ್ದರು. ಜಾಗ ಅವರಿಗೆ ಕೊಟ್ಟೆ. ಭಟ್ರಿಗೆ ಹೇಳಿದಾಗ, "ಅಡ್ಡಿಲ್ಲೆ ಅಡ್ಡಿಲ್ಲೆ" ಅಂದರು. ಎರಡು ಸಲ ಅಂದರು.

ಮೂರನೇ ವರ್ಷ ಜಾಗವಿತ್ತು, ಹೆಸರೂ ಇತ್ತು. ಹಿಂದಿನ ರಾತ್ರಿ ಎಲ್ಲರ ಎದುರು ಹಾಳೆ ಓದಿದೆ. ನಾಳೆ ಭಟ್ರೂ ಬರುತ್ತಾರೆ, ಊಟ ಸ್ವಲ್ಪ ತಡವಾಗಬಹುದು ಅಂದೆ. ಆ ಭಾವನೆಂಟರೇ, ಬೇರೆ ಯಾರೂ ಅಲ್ಲ, ಕುರ್ಚಿಯಲ್ಲಿ ಕಾಲು ಚಾಚಿ, "ಹಂಗಾರೆ ಸಮಾರಾಧನಿಗ್ ಅಡ್ಗಿ ಯಾರ್ ಮಾಡುದ್?" ಅಂದರು. ಕೆಟ್ಟ ಮನಸ್ಸಿನಿಂದಲ್ಲ, ಹಸಿವಿನ ಲೆಕ್ಕ ಅಷ್ಟೆ. ಎಲ್ಲರೂ ಭಟ್ರ ಮುಖ ನೋಡಿದರು. ಭಟ್ರು ನನ್ನ ಮುಖ ನೋಡಿದರು. ಒಂದು ಹೊತ್ತು ಬ್ರೆಡ್ ತಿಂದರೆ ಸಾಯುತ್ತೀರಾ ಅಂತ ನಾಲಿಗೆ ತುದಿಗೆ ಬಂದಿತ್ತು. ಗಿರಾಕಿ ಮುನಿಸಿಕೊಂಡರೆ ಮುಂದಿನ ವರ್ಷ ಯಾರು ಬರುತ್ತಾರೆ ಅನ್ನುವ ಹೆದರಿಕೆ. ಹಾಳೆ ಮಡಚಿ ಚೀಲಕ್ಕೆ ಹಾಕಿದೆ.

"ನೀವ್ ಹೋಯ್ ಬನಿ," ಅಂದರು ಭಟ್ರೇ ನಗುತ್ತ. "ಐಸ್ ಎಂತ ಕರ್ಗಿ ಹೋತ್ತಾ?"

ಮರುದಿನ ಹಿಮದ ಮೇಲೆ ನಿಂತು ಗೈಡು ವಿವರಿಸುತ್ತಿದ್ದಳು. ವರ್ಷ ವರ್ಷ ಈ ಹಿಮನದಿ ಹಿಂದೆ ಸರಿಯುತ್ತಿದೆ, ತಾನು ಚಿಕ್ಕವಳಿದ್ದಾಗ ನೀವು ಗಾಡಿ ನಿಲ್ಲಿಸಿದ ಜಾಗದವರೆಗೂ ಹಿಮವಿತ್ತು ಅಂತ. ನಾನು ತಿರುಗಿ ಅತಿಥಿಗೃಹದ ಅಡುಗೆಮನೆಯ ಕಿಟಕಿ ಹುಡುಕಿದೆ. ಆ ದಿನದ ಪಾಯಸ ನಾನು ಬಡಿಸಿಕೊಳ್ಳಲಿಲ್ಲ.

ನಾಲ್ಕನೇ ವರ್ಷ ಅವರು ನನ್ನ ಮಾತಿಗೆ ಕಾಯಲಿಲ್ಲ. ಕುಂದಾಪುರದ ಅಂಗಡಿಯಲ್ಲಿ ಗುಡ್ಡ ಹತ್ತುವ ಬೂಟು ಕೊಂಡು, ಪಳಗಲಿ ಅಂತ ಪಂಚೆಯ ಕೆಳಗೆ ಅದನ್ನೇ ಹಾಕಿಕೊಂಡು ಸಾಸ್ತಾನದ ಪೇಟೆಗೆ ಬಂದುಹೋಗುತ್ತಿದ್ದರು. ಜನ ನಕ್ಕರು.  ಅದನ್ನು ಕಂಡಾಗಲೆಲ್ಲ ಈ ಸಲ ಹೇಗಾದರೂ ಮಾಡಿ ಕರೆದೊಯ್ಯುತ್ತೇನೆ ಅಂದುಕೊಳ್ಳುತ್ತಿದ್ದೆ, ಆದರೆ ಹೇಗೆ ಅಂತ ಯೋಚಿಸಲಿಲ್ಲ. ಹೊರಡಲು ಹದಿನೈದು ದಿನವಿತ್ತು. ಕೊಕ್ಕರ್ಣೆಯಲ್ಲಿ ಒಂದು ಶ್ರಾದ್ಧದ ಅಡುಗೆ ಮಾಡುತ್ತಿದ್ದಾಗ ಸೌಟು ಹಿಡಿದ ಕೈ ಬಿದ್ದುಹೋಯಿತಂತೆ. ಬಲಭಾಗ ಪೂರ್ತಿ. ಪಾರ್ಶ್ವವಾಯು.

ಅಷ್ಟರೊಳಗೆ ಬೇರೆ ಅಡುಗೆಯವರಿಗೆ ವೀಸಾ ಸಿಗದು. ಭಟ್ರಿಲ್ಲದೆಯೇ ಹೋದೆವು. ಬಿಸಿನೀರು ಹಾಕಿದರೆ ಉಪ್ಪಿಟ್ಟಾಗುವ ಪೊಟ್ಟಣಗಳಲ್ಲಿ ದಿನ ಕಳೆಯಿತು. ಕೊನೆಯ ದಿನ ಹಿಮನದಿಯಿಂದ ಇಳಿದು ಬಂದು ಬ್ರೆಡ್ಡು, ಬಾಳೆಹಣ್ಣು ಮೇಜಿನ ಮೇಲಿಟ್ಟು, ಬೈಗುಳಕ್ಕೆ ಕಾದು ನಿಂತೆ. ಎಲ್ಲರೂ ತಿಂದರು. ಹೊಟ್ಟೆ ಹಗುರ ಇದ್ದರೆ ಒಳ್ಳೆಯದು ಅಂತ ಒಬ್ಬರು ಅಂದರು. ಸಮಾರಾಧನೆಯ ಹೆಸರನ್ನೇ ಯಾರೂ ಎತ್ತಲಿಲ್ಲ. ಭಾವನೆಂಟರು ಎರಡು ಹಣ್ಣು ಹೆಚ್ಚಿಗೆ ತಿಂದರು.

ಊರಿಗೆ ಬಂದ ಮೂರನೇ ದಿನ ಭಟ್ರನ್ನು ನೋಡಲು ಹೋದೆ. ಚಾವಡಿಯಲ್ಲಿ ಮಂಚ ಹಾಕಿದ್ದರು. ಹೆಂಡತಿ ದಿಂಬು ಕೊಟ್ಟು ಎಬ್ಬಿಸಿ ಕೂರಿಸಿದರು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ದಾರಿ ಹೇಗಿತ್ತು, ಹೊಳೆಯಲ್ಲಿ ನೀರೆಷ್ಟಿತ್ತು ಅಂತ ಎಲ್ಲ ಕೇಳಿದರು. ಹಿಮನದಿಯ ವಿಷಯ ಮಾತ್ರ ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಆಮೇಲೆ ಕೇಳಿದರು.

"ಸಮಾರಾಧನಿಗ್ ಎಂತ ಮಾಡ್ದ್ರಿ?"

"ಬ್ರೆಡ್ ತಿಂದ್ರ್ ಭಟ್ರೆ. ಬ್ರೆಡ್, ಬಾಳಿಹಣ್ಣ್."

"ಯಾರೂ ಎಂತದೂ ಹೇಳ್ಲಿಲ್ಯಾ?"

"ಇಲ್ಲೆ."

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು.  ಒಳಗೆ ಯಾರೋ ಕಾಫಿಗೆ ಹಾಲು ಕಾಯಿಸುತ್ತಿದ್ದರು.

"ಹಂಗಾರೆ ನಾನೂ ಬಪ್ಲಕ್ಕಿತ್ತ್ ಅಲ್ದಾ ತಂಗಿ."

ಬರಬಹುದಿತ್ತಲ್ಲ ಅಂತ ಸಿಟ್ಟಿನಿಂದ ಹೇಳಿದ್ದರೆ ಎಷ್ಟೋ ವಾಸಿಯಿತ್ತು. ಒಲೆ ಹೊತ್ತಿಸುವ ಮೊದಲು ಅಕ್ಕಿಯ ಅಳತೆ ಕೇಳುತ್ತಾರಲ್ಲ, ಅಷ್ಟೇ ಮೆತ್ತಗೆ ಕೇಳಿದರು. ಕಾಫಿ ಬಂತು, ಕುಡಿದೆ, ಇನ್ನೊಮ್ಮೆ ಬರುತ್ತೇನೆ ಅಂತ ಎದ್ದೆ. ಇನ್ನೊಮ್ಮೆ ಹೋದದ್ದು ಅವರ ಹನ್ನೆರಡನೆಯ ದಿನದ ಊಟಕ್ಕೆ. ಯಾರೋ ಹೊಸಬರ ಅಡುಗೆ. ಚೆನ್ನಾಗಿಯೇ ಇತ್ತು... ಏನು ಬಡಿಸಿದ್ದರು ಅಂತ ನೆನಪಿಲ್ಲ.

ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ. ಬೇರೆ ಏನೂ ಬರುವುದಿಲ್ಲ ನನಗೆ. ಈ ಆಷಾಢಕ್ಕೂ ಒಂದು ಗುಂಪು ಹೊರಟಿದೆ, ಶಿರೂರಿನ ಕಡೆಯ ಗಂಡಹೆಂಡತಿ, ಕುಂದಾಪುರದ ನಾಲ್ಕು ಜನ, ಇನ್ನೂ ಯಾರ್ಯಾರೋ. ಹಾಳೆಯ ಎದುರು ಕೂತರೆ ಬೆನ್ನು ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಎಷ್ಟು ಬೇಗ ಇದೆಲ್ಲ ಮುಗಿದೀತೋ ಅನ್ನಿಸುತ್ತದೆ. ಕೊನೆಯ ದಿನಕ್ಕೆ ಬಂದಾಗ ಪೆನ್ನು ನಿಲ್ಲುತ್ತದೆ. ಆ ದಿನ ಮಂಚದ ಪಕ್ಕ ಕೂತು, "ಹೌದು ಭಟ್ರೆ, ಬರಬಹುದಿತ್ತು, ಬಿಡದೆ ಇದ್ದವಳು ನಾನೇ" ಅಂತ ಒಂದು ಮಾತು ಹೇಳಬೇಕಿತ್ತು. ಅವರೇನೂ ಬೈಯುತ್ತಿರಲಿಲ್ಲ. ಅಡ್ಡಿಲ್ಲೆ ಅನ್ನುತ್ತಿದ್ದರು. ಅದನ್ನು ಕೇಳಲಿಕ್ಕೆ ಧೈರ್ಯವಿಲ್ಲದೆ ಕಾಫಿ ಕುಡಿದು ಎದ್ದು ಬಂದೆ.